ಕೊರಳು ಕೊಯ್ಯುವ ಮೊದಲು ಪ್ರಜ್ಞೆ ತಪ್ಪಿಸಬೇಕೆ? ಧಾರ್ಮಿಕ ವಧೆ ಮತ್ತು ಪ್ರಾಣಿ ಕಲ್ಯಾಣ ಕಾನೂನಿನ ಬಗ್ಗೆ ಒಂದು ಚರ್ಚೆ

ಚರ್ಚೆ ಆರಂಭಿಸಿದವರು:

ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2024ರ ಫೆಬ್ರುವರಿ 13ರಂದು ಕೊಟ್ಟ ತೀರ್ಪನ್ನು ಓದಿದಾಗಿನಿಂದ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಬೆಲ್ಜಿಯಂನ ಫ್ಲಾಂಡರ್ಸ್ ಮತ್ತು ವಲೋನಿಯಾ ಪ್ರಾಂತ್ಯಗಳು 2019ರಿಂದ, ಪ್ರಾಣಿಯ ಪ್ರಜ್ಞೆ ತಪ್ಪಿಸದೆ ಕೊರಳು ಕೊಯ್ಯುವುದನ್ನು ನಿಷೇಧಿಸಿವೆ. ಇದು ನಮ್ಮ ಧಾರ್ಮಿಕ ಸ್ವಾತಂತ್ರ್ಯವನ್ನು ಕಸಿದುಕೊಳ್ಳುತ್ತದೆ ಎಂದು ಅಲ್ಲಿನ ಮುಸ್ಲಿಮರೂ ಯಹೂದಿಗಳೂ ಮೊರೆ ಹೋಗಿದ್ದರು. ಸ್ವಾತಂತ್ರ್ಯದ ಉಲ್ಲಂಘನೆ ಆಗಿಲ್ಲ ಎಂದು ನ್ಯಾಯಾಲಯ ಒಮ್ಮತದಿಂದ ಹೇಳಿತು. ಪ್ರಾಣಿಗಳ ರಕ್ಷಣೆಯೂ ಸಾರ್ವಜನಿಕ ನೈತಿಕತೆಯ ಭಾಗ ಎಂದು ಆ ನ್ಯಾಯಾಲಯ ಒಪ್ಪಿಕೊಂಡದ್ದು ಅದೇ ಮೊದಲು.

ಓದಿದ ಕೂಡಲೇ ಸರಿಯಾದ ತೀರ್ಪು ಎನ್ನಿಸಿತು. ಮಾತು ಬಾರದ ಜೀವ ನೋವು ತಿನ್ನುವಾಗ ಯಾವ ಗ್ರಂಥದ ಮಾತು ಅದಕ್ಕಿಂತ ದೊಡ್ಡದು? ಆದರೆ ದಿನ ಕಳೆದಂತೆ ಆ ಖಚಿತತೆ ಕರಗುತ್ತಾ ಬಂದಿದೆ. ನಾನು ಮಾಂಸ ತಿನ್ನುವವನು. ನನ್ನ ತಟ್ಟೆಗೆ ಬರುವ ಪ್ರಾಣಿ ಯಾವ ಲಾರಿಯಲ್ಲಿ ಬಂತು, ಎಷ್ಟು ಹೊತ್ತು ನೀರಿಲ್ಲದೆ ನಿಂತಿತ್ತು ಎಂದು ಒಮ್ಮೆಯೂ ಕೇಳಿದವನಲ್ಲ. ಇನ್ನೊಬ್ಬರ ಕೈಯಲ್ಲಿರುವ ಕತ್ತಿಯ ಬಗ್ಗೆ ಮಾತ್ರ ನನಗೆ ಇಷ್ಟು ಬೇಗ ಅಭಿಪ್ರಾಯ ಹುಟ್ಟಿದ್ದು ಹೇಗೆ? ತಿಳಿದವರು ದಯವಿಟ್ಟು ಹೇಳಿ: ಇಲ್ಲಿ ಕಾನೂನು ಕಾಪಾಡುತ್ತಿರುವುದು ಪ್ರಾಣಿಯನ್ನೋ, ಬಹುಸಂಖ್ಯಾತರ ಮನಸ್ಸಿನ ನೆಮ್ಮದಿಯನ್ನೋ?

ನಿವೃತ್ತ ಪಶುವೈದ್ಯ:

ನನ್ನ ಸೇವೆಯ ಬಹುಪಾಲು ವಧಾಗಾರಗಳ ತಪಾಸಣೆಯಲ್ಲೇ ಕಳೆಯಿತು. ಹಾಗಾಗಿ ಕಾನೂನಿಗಿಂತ ಮೊದಲು ದೇಹದ ವಿಷಯ ಹೇಳುತ್ತೇನೆ.

ಕುರಿ, ದನ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಕೊರಳನ್ನು ಸರಿಯಾಗಿ ಕೊಯ್ದರೆ ಶ್ವಾಸನಾಳ, ಅನ್ನನಾಳಗಳ ಜೊತೆ ಇಕ್ಕೆಲದ ದೊಡ್ಡ ರಕ್ತನಾಳಗಳೂ ಕಡಿಯುತ್ತವೆ. ಕುರಿಯ ಮೆದುಳಿಗೆ ರಕ್ತ ಹೋಗುವುದು ಮುಖ್ಯವಾಗಿ ಆ ದಾರಿಯಲ್ಲೇ. ಆದ್ದರಿಂದ ಅದು ಸಾಮಾನ್ಯವಾಗಿ 20 ಸೆಕೆಂಡುಗಳೊಳಗೆ ಪ್ರಜ್ಞೆ ಕಳೆದುಕೊಳ್ಳುತ್ತದೆ. ದನದಲ್ಲಿ ಹಾಗಲ್ಲ. ಕತ್ತಿನ ಮೂಳೆಗಳ ಒಳಗಿನಿಂದ ಸಾಗುವ ಇನ್ನೊಂದು ಜೋಡಿ ರಕ್ತನಾಳಗಳಿಗೆ ಕತ್ತಿ ತಾಗುವುದೇ ಇಲ್ಲ. ಅವು ಮೆದುಳಿಗೆ ರಕ್ತ ಒಯ್ಯುತ್ತಲೇ ಇರುತ್ತವೆ. ಕೆಲವೊಮ್ಮೆ ಕಡಿದ ನಾಳದ ತುದಿ ಊದಿಕೊಂಡು, ರಕ್ತ ಹೆಪ್ಪುಗಟ್ಟಿ ಹರಿವೇ ನಿಂತುಬಿಡುತ್ತದೆ. ಅಂಥ ದನ ಒಂದು ನಿಮಿಷ ದಾಟಿಯೂ, ಎರಡು ನಿಮಿಷದವರೆಗೂ, ಎಚ್ಚರವಿರಬಹುದು. ಎರಡು ನಿಮಿಷ ಎಂದರೆ ಎಷ್ಟೆಂದು ಗಡಿಯಾರದ ಮುಂದೆ ಕುಳಿತು ನೋಡಿ.

ನೋಡುವವರು ಸಾಮಾನ್ಯವಾಗಿ ತಪ್ಪು ತಿಳಿಯುವ ಸಂಗತಿಯೊಂದಿದೆ. ಕಾಲು ಒದ್ದಾಡುವುದು ಎಚ್ಚರದ ಗುರುತಲ್ಲ. ಪ್ರಜ್ಞೆ ಹೋದ ಮೇಲೂ ಕಾಲು ಒದೆಯುತ್ತದೆ. ನಾವು ನೋಡುತ್ತಿದ್ದದ್ದು ಕಣ್ಣನ್ನು. ಬೆರಳ ತುದಿಯನ್ನು ಕಣ್ಣುಗುಡ್ಡೆಗೆ ಮೆಲ್ಲಗೆ ಮುಟ್ಟಿಸಿದಾಗ ರೆಪ್ಪೆ ಮುಚ್ಚಲು ಯತ್ನಿಸಿದರೆ ಕೈ ಹಿಂದೆಗೆದು ಕಾಯಬೇಕು. ಮೂಗಿನ ಬಳಿ ಅಂಗೈ ಹಿಡಿದಾಗ ಲಯಬದ್ಧ ಉಸಿರು ತಾಗಿದರೂ ಕಾಯಬೇಕು. ಆ ಬೆಚ್ಚಗಿನ ಉಸಿರು ಅಂಗೈಗೆ ತಾಗಿದ ನೆನಪು ಇಷ್ಟು ವರ್ಷವಾದರೂ ಹೋಗಿಲ್ಲ.

ಇನ್ನು ನೋವಿನ ಪ್ರಶ್ನೆ. ನ್ಯೂಜಿಲೆಂಡಿನ ಮ್ಯಾಸಿ ವಿಶ್ವವಿದ್ಯಾಲಯದ ತಂಡವೊಂದು ಲಘು ಅರಿವಳಿಕೆಯಲ್ಲಿದ್ದ ಕರುಗಳ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ, ಕೊರಳು ಕೊಯ್ದಾಗ ನೋವಿನದೇ ಎನ್ನಬಹುದಾದ ಪ್ರತಿಕ್ರಿಯೆ ಮೂಡುತ್ತದೆ ಎಂದು 2009ರಲ್ಲಿ ಪ್ರಕಟಿಸಿತು. ಆ ಪ್ರಯೋಗದಲ್ಲಿ ಬಳಸಿದ್ದು ಯಹೂದಿ ವಿಧಿಯ ವಿಶೇಷ ಕತ್ತಿಯಲ್ಲ ಎಂಬ ಆಕ್ಷೇಪ ಬಂತು. ಆಕ್ಷೇಪದಲ್ಲಿ ಹುರುಳಿದೆ. ಹಾಗೆಂದು, ಹರಿತವಾದ ಕತ್ತಿಯಿಂದ ನೋವೇ ಆಗುವುದಿಲ್ಲ ಎಂದು ಪ್ರಮಾಣ ಮಾಡಿ ಹೇಳಲು ನಾನು ಸಿದ್ಧನಿಲ್ಲ.

ಕಸಾಯಿ ವೃತ್ತಿಯ ಮನೆಯವನು:

ಡಾಕ್ಟರ್ ಸಾಹೇಬರ ಮಾತನ್ನು ಗೌರವದಿಂದ ಓದಿದೆ. ನನ್ನ ಕಡೆಯಿಂದಲೂ ಕೆಲವು ಮಾತು.

ನನ್ನ ತಂದೆ ನನಗೆ ಮೊದಲು ಕಲಿಸಿದ್ದು ಕೊಯ್ಯುವುದನ್ನಲ್ಲ, ಮಸೆಯುವುದನ್ನು. ಮಸೆದ ಅಲಗನ್ನು ಉಗುರಿನ ಮೇಲೆ ಹಗುರವಾಗಿ ಎಳೆಯಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ಮತ್ತೆ ಕಲ್ಲಿಗೆ. ವರ್ಷವಿಡೀ ಇದನ್ನೇ ಮಾಡಿದೆ, ಪ್ರಾಣಿಯ ಹತ್ತಿರಕ್ಕೂ ಬಿಡಲಿಲ್ಲ. ಪ್ರಾಣಿಯ ಕಣ್ಣೆದುರು ಕತ್ತಿ ಮಸೆದರೆ ಅವರಿಗೆ ಕಡುಕೋಪ ಬರುತ್ತಿತ್ತು. ಎಲ್ಲದರಲ್ಲೂ ಒಳಿತನ್ನೇ ಮಾಡಿ, ವಧಿಸುವಾಗಲೂ ಅಲಗನ್ನು ಹರಿತ ಮಾಡಿ ಪ್ರಾಣಿಗೆ ನೆಮ್ಮದಿ ಕೊಡಿ ಎಂಬ ಪ್ರವಾದಿಯವರ ಮಾತು ಸಹೀಹ್ ಮುಸ್ಲಿಂ ಸಂಗ್ರಹದಲ್ಲಿದೆ. ನಮ್ಮ ಪಾಲಿಗೆ ಅದು ಗೋಡೆಗೆ ತೂಗುಹಾಕುವ ಸುಭಾಷಿತವಲ್ಲ, ಕಸುಬಿನ ನಿಯಮ.

ಯಹೂದಿಗಳಲ್ಲಿ ಇದು ಇನ್ನೂ ಕಟ್ಟುನಿಟ್ಟು. ಅವರ ವಧಕ ಅಲಗಿನಲ್ಲಿ ಕೂದಲೆಳೆಯಷ್ಟು ಮುಕ್ಕಿದ್ದರೂ ಬಳಸುವಂತಿಲ್ಲ. ಕೊಯ್ಯುವಾಗ ನಡುವೆ ತಡೆದರೆ, ಒತ್ತಿದರೆ ಮಾಂಸ ವರ್ಜ್ಯ. ತಾಯಿಯನ್ನೂ ಮರಿಯನ್ನೂ ಒಂದೇ ದಿನ ವಧಿಸಬಾರದು ಎಂಬ ಆಜ್ಞೆ ಅವರ ಧರ್ಮಗ್ರಂಥದಲ್ಲಿದೆ. ವಧಾಗಾರ ಕಾನೂನು ಎಂಬುದೇ ಇಲ್ಲದ ಕಾಲದಲ್ಲಿ ಪ್ರಾಣಿಯ ಪರವಾಗಿ ಇದ್ದ ಕಾನೂನು ಇದೇ. ಇಂದು ನಮ್ಮನ್ನು ಕ್ರೂರಿಗಳು ಎಂದು ಕರೆಯುವಾಗ ಎದೆಗೆ ನಾಟುತ್ತದೆ.

ಕಾನೂನು ವಿದ್ಯಾರ್ಥಿನಿ:

ಈ ನೋವಿಗೆ ಚರಿತ್ರೆಯ ಆಧಾರವಿದೆ. ಸ್ವಿಟ್ಜರ್ಲೆಂಡ್ 1893ರ ಆಗಸ್ಟ್‌ನಲ್ಲಿ ಪ್ರಜ್ಞೆ ತಪ್ಪಿಸದ ವಧೆಯನ್ನು ಜನಮತದಿಂದ ನಿಷೇಧಿಸಿತು. ಜನರೇ ಮುಂದಿಟ್ಟ ಪ್ರಸ್ತಾವವೊಂದು ಆ ದೇಶದ ಸಂವಿಧಾನ ಸೇರಿದ್ದು ಅದೇ ಮೊದಲು. ಆ ಪ್ರಚಾರದಲ್ಲಿ ಪ್ರಾಣಿದಯೆಯ ಜೊತೆ ಯಹೂದಿದ್ವೇಷವೂ ಕೈಜೋಡಿಸಿತ್ತು. ಇನ್ನು 1933. ಹಿಟ್ಲರ್ ಅಧಿಕಾರಕ್ಕೆ ಬಂದು ಮೂರು ತಿಂಗಳೂ ತುಂಬಿರಲಿಲ್ಲ; ಏಪ್ರಿಲ್ 21ರಂದು ಇದೇ ನಿಷೇಧ ಜರ್ಮನಿಯಾದ್ಯಂತ ಕಾನೂನಾಯಿತು. ಅವರಿಗೆ ಹಸುವಿನ ಮೇಲೆ ಕರುಣೆ ಉಕ್ಕಿ ಬಂದಿತ್ತು ಎಂದು ನಂಬಲು ನನಗೆ ಸಾಧ್ಯವಿಲ್ಲ.

ಹಾಗಾಗಿ ಇಂಥ ಕಾನೂನನ್ನು ಓದುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದೇ ನೋವು ಬೇರೆ ಕಾರಣಕ್ಕೆ ಆದಾಗ ಈ ಕಾನೂನು ಏನು ಮಾಡುತ್ತದೆ? ಅಮೆರಿಕದ ಹಯಲಿಯ ನಗರ 1987ರಲ್ಲಿ, ಕ್ಯೂಬಾ ಮೂಲದ ಸಾಂತೇರಿಯಾ ಎಂಬ ಪಂಥದವರ ಪ್ರಾಣಿಬಲಿಯನ್ನು ತಡೆಯಲು ಸ್ಥಳೀಯ ಕಾನೂನುಗಳ ಸರಣಿಯನ್ನೇ ತಂದಿತು. ಬೇಟೆಗೆ ಅಡ್ಡಿಯಿಲ್ಲ, ಕಸಾಯಿಖಾನೆಗೆ ಅಡ್ಡಿಯಿಲ್ಲ, ಬೇಡದ ಸಾಕುಪ್ರಾಣಿಯನ್ನು ಕೊಲ್ಲಿಸುವುದಕ್ಕೂ ಅಡ್ಡಿಯಿಲ್ಲ. ಅದೇ ಪ್ರಾಣಿಯನ್ನು ದೇವರಿಗೆಂದು ಕೊಂದರೆ ಮಾತ್ರ ಅಪರಾಧ. 1993ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ರದ್ದುಗೊಳಿಸಿತು.

ಬೆಲ್ಜಿಯಂ ಪ್ರಕರಣವನ್ನು ಅದಕ್ಕೆ ಸಮ ಎನ್ನಲಾರೆ. ಅಲ್ಲಿ ನಿಯಮ ಎಲ್ಲರಿಗೂ ಒಂದೇ. ಪ್ರಾಣಿ ಸಾಯದ, ಪ್ರಜ್ಞೆ ಮರಳಿ ಬರಬಲ್ಲ ವಿಧಾನವನ್ನು ಧಾರ್ಮಿಕ ವಧೆಗೆಂದೇ ಉಳಿಸಿದ್ದಾರೆ. ಇಂಥ ಕಾನೂನು ಮಾಡಲು ಸದಸ್ಯ ದೇಶಗಳಿಗೆ ಅವಕಾಶವಿದೆ ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವೂ 2020ರ ಡಿಸೆಂಬರ್ 17ರಂದು ಹೇಳಿತ್ತು. ಆದರೂ ಬೇಟೆ, ಮನರಂಜನೆಯ ಮೀನುಗಾರಿಕೆಗಳು ಹೊರಗೇ ಉಳಿದವು. ಅವುಗಳಿಂದ ಬರುವ ಮಾಂಸ ಅತ್ಯಲ್ಪ ಎಂಬ ಸಮಜಾಯಿಷಿ ನನಗೆ ಹಿಡಿಸಲಿಲ್ಲ. ನೋವನ್ನು ಅಳೆಯುವುದು ಮಾಂಸದ ತೂಕದಿಂದಲೇ?

ಸಸ್ಯಾಹಾರಿ ಓದುಗಿ:

ಕ್ಷಮಿಸಿ, ನನಗೆ ಈ ಮಾತುಗಳೆಲ್ಲ ಹಿಂಸೆಯಾಗುತ್ತಿವೆ. ಎಷ್ಟು ಸೆಕೆಂಡು, ಎಂಥ ಅಲಗು! ಬದುಕಲು ಬಯಸುವ ಜೀವವೊಂದನ್ನು ಮಲಗಿಸಿ ಅದರ ಸಾವಿನ ಗುಣಮಟ್ಟವನ್ನು ಚರ್ಚಿಸುತ್ತಿದ್ದೇವೆ. ನೋವಿಲ್ಲದೆ ಕೊಂದರೂ ಕೊಲೆ ಕೊಲೆಯೇ. ದೇವರ ಹೆಸರಿನಲ್ಲಿ ಯಾರಿಗೂ ವಿನಾಯಿತಿ ಬೇಡ ಎಂಬುದು ನನ್ನ ದೃಢ ಅಭಿಪ್ರಾಯ.

ನಿವೃತ್ತ ಪಶುವೈದ್ಯ:

ಅಮ್ಮಾ, ನಿಮ್ಮ ಮಾತಿನ ಎದುರು ನಾನು ವಾದ ಹೂಡುವುದಿಲ್ಲ. ಆದರೆ ವಿನಾಯಿತಿ ಬೇಡ ಎನ್ನುವಾಗ, ಉಳಿದ ಪ್ರಾಣಿಗಳಿಗೆ ಸುಖದ ಸಾವು ಸಿಗುತ್ತಿದೆ ಎಂಬ ಭಾವನೆ ಮೂಡುತ್ತದೆ. ಅದು ನಿಜವಲ್ಲ.

ಹಂದಿಗಳನ್ನು ಹಲವು ದೇಶಗಳಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿದ ಗುಂಡಿಗೆ ಇಳಿಸಿ ಪ್ರಜ್ಞೆ ತಪ್ಪಿಸುತ್ತಾರೆ. ಪ್ರಜ್ಞೆ ಹೋಗುವವರೆಗೆ ಅವು ಉಸಿರಿಗಾಗಿ ಬಾಯಿ ತೆರೆಯುತ್ತವೆ, ಹೊರಬರಲು ಹೆಣಗುತ್ತವೆ. ಆ ಅನಿಲ ತೇವಕ್ಕೆ ತಾಗಿದರೆ ಆಮ್ಲವಾಗುತ್ತದೆ. ಮೂಗು, ಗಂಟಲು ಉರಿಯುತ್ತವೆ. ಬ್ರಿಟನ್ನಿನ ಕೃಷಿ ಪ್ರಾಣಿ ಕಲ್ಯಾಣ ಮಂಡಳಿ 2003ರ ವರದಿಯಲ್ಲಿ ಪ್ರಜ್ಞೆ ತಪ್ಪಿಸದ ವಧೆ ನಿಲ್ಲಬೇಕು ಎಂದಿತು. ಅದೇ ವರದಿ ಹಂದಿಗಳ ಈ ಅನಿಲ ಪದ್ಧತಿಯನ್ನೂ ಐದು ವರ್ಷಗಳಲ್ಲಿ ಕೈಬಿಡಬೇಕು ಎಂದಿತ್ತು. ಮೊದಲ ಶಿಫಾರಸನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಎರಡನೆಯದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ಕೋಳಿಗಳನ್ನು ಜೀವಂತ ಕಾಲು ಮೇಲಾಗಿ ಕೊಕ್ಕೆಗೆ ಸಿಕ್ಕಿಸಿ, ತಲೆಯನ್ನು ವಿದ್ಯುತ್ ಹರಿಯುವ ನೀರಿಗೆ ಮುಳುಗಿಸುತ್ತಾರೆ. ಕೆಲವು ಕೋಳಿಗಳು ಕತ್ತು ಎತ್ತಿ ನೀರನ್ನು ತಪ್ಪಿಸಿಕೊಂಡು ನೇರ ಅಲಗಿಗೆ ಹೋಗುತ್ತವೆ. ಅಮೆರಿಕದ 1958ರ ಮಾನವೀಯ ವಧೆ ಕಾಯ್ದೆ ಕೋಳಿಗೆ ಅನ್ವಯಿಸುವುದೇ ಇಲ್ಲ.

ಚರ್ಚೆ ಆರಂಭಿಸಿದವರು:

ಹಾಗಾದರೆ ಪ್ರಜ್ಞೆ ತಪ್ಪಿಸುವುದರಿಂದ ಪ್ರಯೋಜನವೇ ಇಲ್ಲವೇ, ಡಾಕ್ಟರೇ?

ನಿವೃತ್ತ ಪಶುವೈದ್ಯ:

ಖಂಡಿತ ಇದೆ. ಸರಿಯಾಗಿ ಮಾಡಿದರೆ ಅದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ. ಕುರಿಯ ತಲೆಯ ಇಕ್ಕೆಲಕ್ಕೆ ವಿದ್ಯುತ್ ಇಕ್ಕುಳ ಹಿಡಿದು, ಯುರೋಪಿನ ನಿಯಮ ಹೇಳುವಂತೆ ಕನಿಷ್ಠ ಒಂದು ಆಂಪಿಯರ್ ಹಾಯಿಸಿದರೆ ಕ್ಷಣಾರ್ಧದಲ್ಲಿ ಪ್ರಜ್ಞೆ ಹೋಗುತ್ತದೆ. ಹೃದಯ ಬಡಿಯುತ್ತಲೇ ಇರುತ್ತದೆ. ಕೊಯ್ಯದೆ ಬಿಟ್ಟರೆ ಅದೇ ಕುರಿ ಸ್ವಲ್ಪ ಹೊತ್ತಿನಲ್ಲಿ ಎದ್ದು ನಿಲ್ಲುತ್ತದೆ. ಪ್ರಾಣಿ ಕೊಯ್ಯುವ ಮೊದಲೇ ಸತ್ತಿರಬಾರದು ಎಂಬ ಇಸ್ಲಾಮಿನ ಷರತ್ತಿಗೆ ಇದರಿಂದ ಭಂಗವಿಲ್ಲ ಎಂದು ಒಪ್ಪುವ ವಿದ್ವಾಂಸರು ಬಹಳ ಮಂದಿ ಇದ್ದಾರೆ. ಮಲೇಷ್ಯಾದ ಹಲಾಲ್ ಮಾನದಂಡವೇ ಇದಕ್ಕೆ ಅವಕಾಶ ಕೊಡುತ್ತದೆ. ನ್ಯೂಜಿಲೆಂಡಿನಿಂದ ಮುಸ್ಲಿಂ ದೇಶಗಳಿಗೆ ಹೋಗುವ ಕುರಿಮಾಂಸವೂ ಹೀಗೆ ಸಿದ್ಧವಾದದ್ದೇ.

ಕಸಾಯಿ ವೃತ್ತಿಯ ಮನೆಯವನು:

ಒಪ್ಪುವವರಿದ್ದಾರೆ, ಒಪ್ಪದವರೂ ಇದ್ದಾರೆ. ನಮ್ಮವರು ಮಾತಾಡಿಕೊಂಡು ತೀರ್ಮಾನಿಸಬೇಕಾದ ವಿಷಯ ಅದು. ಯಹೂದಿಗಳಿಗಂತೂ ಕೊಯ್ಯುವ ಮೊದಲು ಪ್ರಾಣಿಗೆ ಯಾವ ಗಾಯವೂ ಆಗಿರಕೂಡದು. ಅವರಿಗೆ ಈ ದಾರಿ ಪೂರ್ತಿ ಮುಚ್ಚಿದೆ. ಹೊರಗಿನವರು ಬಂದು ನಿಮ್ಮ ಧರ್ಮ ಇದನ್ನು ಒಪ್ಪುತ್ತದೆ ಎಂದು ನಮಗೇ ಪಾಠ ಹೇಳಿದಾಗ, ಒಪ್ಪಲು ಮನಸ್ಸಿದ್ದವನೂ ಬೆನ್ನು ತಿರುಗಿಸುತ್ತಾನೆ.

ಹೊಸ ಸದಸ್ಯ:

ಅಷ್ಟು ಕಷ್ಟವಾದರೆ ಮಾಂಸ ತಿನ್ನುವುದನ್ನು ಬಿಡಲಿ. ಮಾಂಸ ತಿನ್ನಲೇಬೇಕೆಂದು ಯಾವ ಧರ್ಮವೂ ಕಡ್ಡಾಯ ಮಾಡಿಲ್ಲ.

ಕಾನೂನು ವಿದ್ಯಾರ್ಥಿನಿ:

ಬಿಡುವುದಿಲ್ಲ, ಆಮದು ಮಾಡಿಕೊಳ್ಳುತ್ತಾರೆ. ಸ್ವಿಟ್ಜರ್ಲೆಂಡ್ ತನ್ನ ನೆಲದಲ್ಲಿ ನಿಷೇಧಿಸಿದ ವಿಧಾನದ ಮಾಂಸವನ್ನೇ ಹೊರಗಿನಿಂದ ತರಿಸಿಕೊಳ್ಳಲು ಬಿಡುತ್ತದೆ. ಫ್ಲಾಂಡರ್ಸ್ ತಂದಂಥ ನಿಷೇಧದ ಪ್ರಸ್ತಾವವನ್ನು ಬೆಲ್ಜಿಯಂನದೇ ಬ್ರಸೆಲ್ಸ್ ಪ್ರಾಂತ್ಯದ ಸಂಸತ್ತು 2022ರಲ್ಲಿ ತಿರಸ್ಕರಿಸಿತು. ಪ್ರಾಣಿಯ ನೋವು ಗಡಿಯಾಚೆ ಸರಿಯಿತು, ಅಷ್ಟೆ.

ನಿಷೇಧ ಬರೆದ ಮಾತ್ರಕ್ಕೆ ರೂಢಿ ನಿಲ್ಲುವುದೂ ಇಲ್ಲ. ನೇಪಾಳದ ಗಢೀಮಾಯಿ ಉತ್ಸವದ ಸಾಮೂಹಿಕ ಬಲಿಯನ್ನು ಹಂತಹಂತವಾಗಿ ಕೊನೆಗಾಣಿಸಿ ಎಂದು ಆ ದೇಶದ ಸುಪ್ರೀಂ ಕೋರ್ಟ್ ಹೇಳಿತ್ತು. 2019ರಲ್ಲೂ 2024ರಲ್ಲೂ ಬಲಿ ನಡೆಯಿತು.

ಭಾರತದ ಕಾನೂನನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ತಪ್ಪಾಗಿ ಓದುವವರೇ ಹೆಚ್ಚು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 28ನೇ ಕಲಮು, ಯಾವುದೇ ಸಮುದಾಯದ ಧರ್ಮಕ್ಕೆ ಅಗತ್ಯವಾದ ರೀತಿಯಲ್ಲಿ ಪ್ರಾಣಿಯನ್ನು ಕೊಲ್ಲುವುದು ಈ ಕಾಯ್ದೆಯಡಿ ಅಪರಾಧವಲ್ಲ ಎನ್ನುತ್ತದೆ. ಧರ್ಮದ ಹೆಸರು ಹೇಳಿದರೆ ಏನು ಮಾಡಿದರೂ ನಡೆಯುತ್ತದೆ ಎಂದು ಇದನ್ನು ಓದುತ್ತಾರೆ. ಅಲ್ಲ. ವಿನಾಯಿತಿ ಇರುವುದು ಕೊಲ್ಲುವ ರೀತಿಗೆ ಮಾತ್ರ. ಅದಕ್ಕೆ ಮೊದಲು ಹೊಡೆಯುವುದು, ಉಪವಾಸ ಕೆಡವುವುದು, ಮಿಸುಕಾಡಲಾಗದಂತೆ ವಾಹನದಲ್ಲಿ ತುರುಕುವುದು 11ನೇ ಕಲಮಿನಡಿ ಅಪರಾಧವೇ. 2001ರ ವಧಾಗಾರ ನಿಯಮಗಳ ಪ್ರಕಾರ ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ವಧಿಸುವಂತಿಲ್ಲ. ಗಬ್ಬದ ಪ್ರಾಣಿಯನ್ನೂ ಮೂರು ತಿಂಗಳಿಗಿಂತ ಎಳೆಯದನ್ನೂ ಮುಟ್ಟುವಂತಿಲ್ಲ. ಒಬ್ಬ ಪಶುವೈದ್ಯ ತಾಸಿಗೆ 12, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸುವಂತಿಲ್ಲ.

ನಿಯಮ ಚೆನ್ನಾಗಿದೆ. ದಂಡ ನೋಡಿ: 11ನೇ ಕಲಮಿನ ಮೊದಲ ಅಪರಾಧಕ್ಕೆ 10 ರೂಪಾಯಿಯಿಂದ 50 ರೂಪಾಯಿ. ದಶಕಗಳ ಹಿಂದೆ ಬರೆದ ಅಂಕಿ. 28ನೇ ಕಲಮನ್ನು ಕಿತ್ತುಹಾಕಿ ಎಂದು ಗಂಟಲು ಹರಿದುಕೊಳ್ಳುವವರು ಈ 50 ರೂಪಾಯಿಯ ಬಗ್ಗೆಯೂ ಅಷ್ಟೇ ಜೋರಾಗಿ ಕೇಳಿದರೆ ಅವರ ಜೊತೆ ನಾನೂ ನಿಲ್ಲುತ್ತೇನೆ.

ಕಸಾಯಿ ವೃತ್ತಿಯ ಮನೆಯವನು:

ಕಣ್ಣೆದುರು ವಧಿಸುವಂತಿಲ್ಲ ಎಂಬ ಮಾತು ಓದಿ ತುಂಬ ಹೊತ್ತು ಸುಮ್ಮನೆ ಕುಳಿತಿದ್ದೆ. ಇಲ್ಲಿ ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ.

ಹಬ್ಬದ ದಿನ ತಂದೆ ಕಲಿಸಿದ್ದು ಉಳಿಯುವುದಿಲ್ಲ. ವರ್ಷದಲ್ಲಿ ಒಂದು ದಿನ ಮಾತ್ರ ಕತ್ತಿ ಹಿಡಿಯುವವರೂ ಅಂದು ಬರುತ್ತಾರೆ. ಕೆಲವು ವರ್ಷಗಳ ಹಿಂದೆ ಅಂಥ ಯುವಕನೊಬ್ಬ ನನ್ನ ಪಕ್ಕದಲ್ಲಿದ್ದ. ಅಲಗು ಮೊಂಡಾಗಿತ್ತು, ಸರದಿ ಉದ್ದವಿತ್ತು. ಒಂದೇ ಎಳೆತಕ್ಕೆ ಆಗಬೇಕಾದದ್ದು ಮೂರು ನಾಲ್ಕು ಸಲ ಆಯಿತು. ಐದಾರು ಹೆಜ್ಜೆ ದೂರದಲ್ಲಿ ಕಟ್ಟಿದ್ದ ಕುರಿಗಳು ಹಗ್ಗವನ್ನು ಹಿಂದಕ್ಕೆ ಜಗ್ಗುತ್ತಾ ಒಂದರ ಮೇಲೊಂದು ಒತ್ತಿಕೊಂಡು ನಿಂತಿದ್ದವು. ಒದ್ದೆ ನೆಲದಲ್ಲಿ ಅವುಗಳ ಗೊರಸು ಜಾರುವ ಸದ್ದು ಕೇಳುತ್ತಿತ್ತು. ನಾನು ಆ ಹುಡುಗನ ಕೈಯಿಂದ ಕತ್ತಿ ಕಸಿದುಕೊಂಡೆ. ಆದರೆ ಕುರಿಗಳನ್ನು ಗೋಡೆಯ ಆಚೆಗೆ ಕಟ್ಟಿಸಲಿಲ್ಲ. ಹೊತ್ತಾಗುತ್ತಿದೆ ಎಂದು ಜನ ಕೂಗುತ್ತಿದ್ದರು, ನಾನೂ ಆ ಕೂಗಿಗೆ ಸೋತೆ.

ಅಂದು ನಡೆದದ್ದನ್ನು ನನ್ನ ಧರ್ಮ ಒಪ್ಪುವುದಿಲ್ಲ. ಅದನ್ನು ಧಾರ್ಮಿಕ ಸ್ವಾತಂತ್ರ್ಯ ಎಂದು ನಾನು ಯಾವ ನ್ಯಾಯಾಲಯದಲ್ಲೂ ಸಮರ್ಥಿಸಲಾರೆ.

ಸಸ್ಯಾಹಾರಿ ಓದುಗಿ:

ನೀವು ಇದನ್ನು ಬರೆದದ್ದಕ್ಕೆ ಕೃತಜ್ಞತೆಗಳು. ನನ್ನ ಅಭಿಪ್ರಾಯ ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಆದರೆ ಗೋಡೆಯ ಆಚೆಗೆ ಕಟ್ಟುವ ನಿಯಮಕ್ಕೆ, ಪರವಾನಗಿ ಇಲ್ಲದವರ ಕೈಗೆ ಕತ್ತಿ ಕೊಡಬಾರದೆಂಬ ನಿಯಮಕ್ಕೆ ನನ್ನ ಸಹಿ ಬೇಕಾದರೆ ಇಂದೇ ಹಾಕುತ್ತೇನೆ. ಎಲ್ಲರೂ ಮಾಂಸ ಬಿಡುವ ದಿನದವರೆಗೆ ಆ ಕುರಿಗಳು ಕಾಯುತ್ತಾ ನಿಲ್ಲಲಾರವು.

ನಿವೃತ್ತ ಪಶುವೈದ್ಯ:

ವಧೆಯ ಜಾಗಕ್ಕೆ ಬರುವ ಮೊದಲು ಆಗುವುದನ್ನೂ ಸೇರಿಸಿಕೊಳ್ಳಿ. 2017ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದಿಂದ ಮಧ್ಯಪ್ರಾಚ್ಯಕ್ಕೆ ಹೊರಟ ಅವಾಸಿ ಎಕ್ಸ್‌ಪ್ರೆಸ್ ಎಂಬ ಹಡಗಿನಲ್ಲಿ ಸುಮಾರು 2,400 ಕುರಿಗಳು ಸೆಕೆಗೆ ಬೆಂದು ಸತ್ತವು. ರುಮೇನಿಯಾದ ತೀರದಲ್ಲಿ 2019ರ ನವೆಂಬರ್‌ನಲ್ಲಿ ಮಗುಚಿದ ಕ್ವೀನ್ ಹಿಂದ್ ಹಡಗಿನಲ್ಲಿ 14,000ಕ್ಕೂ ಹೆಚ್ಚು ಕುರಿಗಳಿದ್ದವು. ಬದುಕಿ ಹೊರಬಂದವು ತೀರ ಕಡಿಮೆ. ಇಪ್ಪತ್ತು ಸೆಕೆಂಡಿನ ಬಗ್ಗೆ ದಶಕಗಟ್ಟಲೆ ಜಗಳವಾಡಿದ ಲೋಕ ವಾರಗಟ್ಟಲೆ ನಡೆಯುವ ಈ ಪಯಣಗಳ ಕಡೆ ತಿರುಗಿ ನೋಡಿದ್ದು ಬಹಳ ತಡವಾಗಿ. ನ್ಯೂಜಿಲೆಂಡ್ 2023ರಲ್ಲಿ ಸಮುದ್ರ ಮಾರ್ಗದ ಜೀವಂತ ಜಾನುವಾರು ರಫ್ತನ್ನು ನಿಲ್ಲಿಸಿತು. ಆಸ್ಟ್ರೇಲಿಯಾದ ಕುರಿಗಳಿಗೆ 2028ರ ಮೇ 1ರಿಂದ ಅದು ಅನ್ವಯವಾಗಲಿದೆ.

ನನ್ನನ್ನು ಕೇಳಿದರೆ ಪ್ರಾಣಿಯ ನೋವಿನ ದೊಡ್ಡ ಪಾಲು ಇರುವುದು ಅಲ್ಲಿ: ಹಡಗಿನಲ್ಲಿ, ಲಾರಿಯಲ್ಲಿ, ಜಾರುವ ನೆಲದಲ್ಲಿ, ಕಲಿಯದ ಕೈಯಲ್ಲಿ. ಅಲ್ಲಿ ಯಾವ ಧರ್ಮದ ವಿನಾಯಿತಿಯೂ ಅಡ್ಡ ಬರುವುದಿಲ್ಲ. ದನದ ವಿಷಯದಲ್ಲಿ ಮಾತ್ರ ನಾನು ಕೊಯ್ದ ಕೂಡಲೇ ಆದರೂ ಪ್ರಜ್ಞೆ ತಪ್ಪಿಸಲೇಬೇಕು ಎನ್ನುತ್ತೇನೆ. ಆ ಎರಡು ನಿಮಿಷವನ್ನು ಕಣ್ಣಾರೆ ಕಂಡವನು ಬೇರೆ ಹೇಳಲಾರೆ. ಕಸಾಯಿ ಮಿತ್ರರು ಇದನ್ನು ಒಪ್ಪದಿರಬಹುದು.

ಕಸಾಯಿ ವೃತ್ತಿಯ ಮನೆಯವನು:

ಈಗಲೇ ಹೂಂ ಎನ್ನಲಾರೆ, ಸಾಹೇಬರೇ. ನಮ್ಮ ಹಿರಿಯರ ಮುಂದೆ ಈ ಮಾತನ್ನು ಇಡುತ್ತೇನೆ. ಕುರಿಯ ಬಗ್ಗೆ ಒಂದು ಕೇಳಬೇಕಿತ್ತು. ಕೊಯ್ದ ಮೇಲೆ ಅದನ್ನು ಎಳೆಯುವುದಕ್ಕೆ, ನೇತು ಹಾಕುವುದಕ್ಕೆ ಎಷ್ಟು ಹೊತ್ತು ಕಾಯಬೇಕು? ಮಗ ಈಗ ಕಸುಬು ಕಲಿಯುತ್ತಿದ್ದಾನೆ.

ನಿವೃತ್ತ ಪಶುವೈದ್ಯ:

ಇಂಗ್ಲೆಂಡಿನ ನಿಯಮದಲ್ಲಿ ಕುರಿ, ಮೇಕೆಗೆ ಕನಿಷ್ಠ 20 ಸೆಕೆಂಡು, ದನಕ್ಕೆ 30 ಸೆಕೆಂಡು ಅಲುಗಾಡಿಸುವಂತಿಲ್ಲ. ಅದು ಕನಿಷ್ಠ, ಅಷ್ಟೆ. ಪ್ರಜ್ಞೆ ಹೋಗಿದೆ ಎಂದು ಖಚಿತವಾಗುವವರೆಗೂ ಕಾಯಬೇಕು. ಎಣಿಸಿ ಮುಗಿದ ಮೇಲೆ ಕಣ್ಣನ್ನು ಮುಟ್ಟಿ ನೋಡಲು ಹೇಳಿ. ಬೆರಳು ಒದ್ದೆಯಿರಲಿ, ಉಗುರು ತಾಗದಿರಲಿ. ರೆಪ್ಪೆ ಮಿಸುಕಿದರೆ ಮೊದಲಿನಿಂದ ಎಣಿಸಲಿ.

ಕಸಾಯಿ ವೃತ್ತಿಯ ಮನೆಯವನು:

ಹೇಳುತ್ತೇನೆ. ಸದ್ಯ ಅವನಿನ್ನೂ ಕಲ್ಲಿನ ಮುಂದೆಯೇ ಇದ್ದಾನೆ, ಉಗುರಿನ ಮೇಲೆ ಅಲಗು ಇನ್ನೂ ಸಿಕ್ಕಿಕೊಳ್ಳುತ್ತಿದೆ.